ಗೊಡೋ 4: ಆಟ ಬರೆಯಲು ಕಲಿಯುವವರ ಲೆಕ್ಕ ತಪ್ಪಿದಾಗ ಎಷ್ಟರ ಮಟ್ಟಿಗೆ ಕೈಹಿಡಿಯುತ್ತದೆ

ಏಳು ಗೊನೆ ಹಿಡಿದರೂ ಸೊನ್ನೆ, ಒಂಬತ್ತು ಹಿಡಿದರೂ ಸೊನ್ನೆ, ಹತ್ತಕ್ಕೆ ಹತ್ತನ್ನೂ ಹಿಡಿದರೆ ಮಾತ್ರ ನೂರು. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ಅಣ್ಣನ ಮಗಳು ತಾನೇ ಬರೆದ ಅಡಿಕೆ ಕೊಯ್ಲಿನ ಆಟದಲ್ಲಿ ಶೇಕಡಾವಾರು ಅಂಕ ಹೀಗೇಕೆ ಬರುತ್ತಿದೆ ಎಂದು ಎರಡು ಸಂಜೆ ತಲೆ ಕೆಡಿಸಿಕೊಂಡು, ಮೂರನೆಯ ಸಂಜೆ ಲ್ಯಾಪ್‌ಟಾಪನ್ನು ತಂದು ನನ್ನ ಮುಂದಿಟ್ಟಳು. "ಅತ್ತೆ, ಲೆಕ್ಕ ಸರಿಯಾಗಿಯೇ ಇದೆ, ನೀವೇ ನೋಡಿ. ಕಂಪ್ಯೂಟರೇ ತಪ್ಪು ಹೇಳುತ್ತಿದೆ" ಎಂದಳು. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ನನಗೆ ಆಟಗಳ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ. ಆದರೆ ಅವಳು ಬರೆದಿದ್ದ ಸಾಲು ಗಣಿತದ ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು. ಹಿಡಿದದ್ದನ್ನು ಬಿದ್ದದ್ದರಿಂದ ಭಾಗಿಸಿ ನೂರರಿಂದ ಗುಣಿಸಿದ್ದಳು. ಆ ಸಂಜೆಯಿಂದ ಇಡೀ ಮಳೆಗಾಲ ನಾವಿಬ್ಬರೂ ಗೊಡೋ ಎಂಬ, ಆಟ ತಯಾರಿಸುವ ಈ ಉಚಿತ ತಂತ್ರಾಂಶದೊಂದಿಗೆ ಕುಳಿತಿದ್ದೇವೆ. ಅದರಲ್ಲಿ ಎಷ್ಟು ಸುಂದರವಾದ ಆಟ ಮಾಡಬಹುದು ಎಂಬ ವಿಷಯವನ್ನು ಬೇರೆಯವರು ಬರೆಯಲಿ. ಹೊಸದಾಗಿ ಸ್ಕ್ರಿಪ್ಟ್, ಅಂದರೆ ಆಟವನ್ನು ನಡೆಸುವ ಸೂಚನೆಗಳ ಸಾಲುಗಳನ್ನು, ಬರೆಯುವವರು ಮಾಡುವ ಲೆಕ್ಕದ ತಪ್ಪು ಮತ್ತು ತರ್ಕದ ತಪ್ಪುಗಳನ್ನು ಹುಡುಕಿ ತಿದ್ದಲು ಅದು ಎಷ್ಟು ನೆರವಾಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಮೊದಲು ತಂತ್ರಾಂಶದ ಪರಿಚಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ ಮತ್ತು ಏರಿಯಲ್ ಮಂಝುರ್ ಕಟ್ಟಿದ ಗೊಡೋ 2014ರಲ್ಲಿ ಮುಕ್ತ ತಂತ್ರಾಂಶವಾಯಿತು. ನಾವು ಬಳಸುತ್ತಿರುವ ನಾಲ್ಕನೆಯ ಆವೃತ್ತಿಯ ಸರಣಿ 2023ರ ಮಾರ್ಚ್‌ನಲ್ಲಿ ಆರಂಭವಾಯಿತು. ಎಂಐಟಿ ಪರವಾನಗಿಯಡಿ ಇರುವುದರಿಂದ ಶುಲ್ಕವಿಲ್ಲ, ಮಾಡಿದ ಆಟವನ್ನು ಮಾರಿದರೂ ಯಾರಿಗೂ ಪಾಲು ಕೊಡಬೇಕಾಗಿಲ್ಲ. ಇದರೊಳಗೆ ಬರೆಯುವ ಭಾಷೆಯ ಹೆಸರು ಜಿಡಿಸ್ಕ್ರಿಪ್ಟ್. ಮಲೆನಾಡಿನಲ್ಲಿ ಕುಳಿತು ಬಳಸುವವರಿಗೆ ಮುಖ್ಯವಾದ ಸಂಗತಿಗಳು ಬೇರೆ ಎರಡು ಇವೆ. ಒಮ್ಮೆ ಇಳಿಸಿಕೊಂಡ ಮೇಲೆ ಇದಕ್ಕೆ ಇಂಟರ್ನೆಟ್ ಬೇಕಿಲ್ಲ; ಎಫ್ 1 ಒತ್ತಿದರೆ ಪ್ರತಿಯೊಂದು ಫಂಕ್ಷನ್ನಿನ (ಹೆಸರಿಟ್ಟು ಕರೆಯಬಹುದಾದ ಸಿದ್ಧ ಸೂಚನೆಯ) ವಿವರಣೆ ಎಡಿಟರಿನೊಳಗೇ ತೆರೆದುಕೊಳ್ಳುತ್ತದೆ. ಆಷಾಢದ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟೂ ಇಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ ಎಂಬ ಸ್ಥಿತಿಯಲ್ಲಿ, ಇನ್ವರ್ಟರಿನಲ್ಲಿ ಉಳಿದ ಒಂದೆರಡು ಗಂಟೆಯಲ್ಲೇ ಕೆಲಸ ಮಾಡಬೇಕಾದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಎರಡನೆಯದು, ಹೊಸ ಪ್ರಾಜೆಕ್ಟ್ ತೆರೆಯುವಾಗ ಕಂಪ್ಯಾಟಿಬಿಲಿಟಿ ಎಂಬ ರೆಂಡರರನ್ನು (ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗವನ್ನು) ಆರಿಸಿಕೊಂಡರೆ ನಮ್ಮ ಮನೆಯಲ್ಲಿರುವಂಥ ಹಳೆಯ ಲ್ಯಾಪ್‌ಟಾಪಿನಲ್ಲೂ ಎರಡು ಆಯಾಮದ ಆಟಗಳು ತೊಡಕಿಲ್ಲದೆ ಓಡುತ್ತವೆ. ಆಟದ ಪರದೆಯ ಮೇಲೆ ಕನ್ನಡ ಬರೆದರೆ, ಕನ್ನಡದ ಫಾಂಟೊಂದನ್ನು ಜೋಡಿಸಿದಾಗ, ಒತ್ತಕ್ಷರಗಳು ಒಡೆಯದೆ ಸರಿಯಾಗಿ ಮೂಡುತ್ತವೆ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಈಗ ಆ ಸೊನ್ನೆಯ ವಿಷಯಕ್ಕೆ ಬರುತ್ತೇನೆ. ಮುಂದೆ ಉದಾಹರಿಸುವ ಸಾಲುಗಳಲ್ಲಿ ವೇರಿಯಬಲ್ಲುಗಳ, ಅಂದರೆ ಬದಲಾಗುವ ಬೆಲೆಗಳನ್ನು ಇಟ್ಟುಕೊಳ್ಳುವ ಖಾನೆಗಳ, ಹೆಸರನ್ನು ಓದುಗರ ಅನುಕೂಲಕ್ಕಾಗಿ ಕನ್ನಡದಲ್ಲಿ ಕೊಟ್ಟಿದ್ದೇನೆ. ಅವಳ ಸಾಲು ಹೀಗಿತ್ತು:

ಶೇಕಡಾ = ಹಿಡಿದದ್ದು / ಬಿದ್ದದ್ದು * 100

ಜಿಡಿಸ್ಕ್ರಿಪ್ಟಿನಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಬರುವ ಉತ್ತರವೂ ಪೂರ್ಣಾಂಕವೇ. ದಶಮಾಂಶದ ಭಾಗವನ್ನು ಅದು ಬಿಟ್ಟುಬಿಡುತ್ತದೆ. 7 ಭಾಗಿಸು 10 ಎಂದರೆ 0.7 ಅಲ್ಲ, 0. ಆ ಸೊನ್ನೆಯನ್ನು ನೂರರಿಂದ ಗುಣಿಸಿದರೂ ಸೊನ್ನೆಯೇ. ಹತ್ತಕ್ಕೆ ಹತ್ತು ಹಿಡಿದಾಗ ಮಾತ್ರ ಭಾಗಲಬ್ಧ 1 ಆಗಿ ನೂರು ಬರುತ್ತದೆ. ಅವಳು ಅದುವರೆಗೆ, ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಕಟ್ಟುವ ಮಕ್ಕಳ ತಂತ್ರಾಂಶವಾದ ಸ್ಕ್ರ್ಯಾಚ್‌ನಲ್ಲಿ ಆಟ ಮಾಡುತ್ತಿದ್ದಳು. ಅಲ್ಲಿ 7ನ್ನು 2ರಿಂದ ಭಾಗಿಸಿದರೆ 3.5 ಎಂದೇ ಬರುತ್ತದೆ. ಹಾಗಾಗಿ ತಪ್ಪು ಲೆಕ್ಕದಲ್ಲಿರಬಹುದು ಎಂಬ ಸಂಶಯವೇ ಅವಳಿಗೆ ಬರಲಿಲ್ಲ. ಅಂಕ ತೋರಿಸುವ ಲೇಬಲ್ಲೇ ಕೆಟ್ಟಿದೆ ಎಂದು ಅದನ್ನು ಅಳಿಸಿ, ಮತ್ತೆ ಮಾಡಿ, ಫಾಂಟ್ ಬದಲಿಸಿ ಎರಡು ಸಂಜೆ ಕಳೆದಿದ್ದಳು.

ಗೊಡೋ ಇದನ್ನು ಮೊದಲೇ ಹೇಳಿತ್ತು ಎಂಬುದು ನನಗೆ ಅಂದು ರಾತ್ರಿ ತಿಳಿಯಿತು. ಸ್ಕ್ರಿಪ್ಟ್ ಬರೆಯುವ ಪುಟದ ಕೆಳಗಿನ ಅಂಚಿನಲ್ಲಿ ಒಂದು ಸಣ್ಣ ಹಳದಿ ಗುರುತು, ಅದರ ಪಕ್ಕದಲ್ಲಿ ಒಂದು ಅಂಕಿ. ಅದನ್ನು ಒತ್ತಿದರೆ, ಇದು ಪೂರ್ಣಾಂಕ ಭಾಗಾಕಾರ, ದಶಮಾಂಶದ ಭಾಗ ಬಿಟ್ಟುಹೋಗುತ್ತದೆ ಎಂಬ ಎಚ್ಚರಿಕೆ ಇಂಗ್ಲಿಷಿನಲ್ಲಿ ಕಾಣಿಸುತ್ತದೆ. ಯಾವ ಸಾಲಿನಲ್ಲಿ ಎಂಬುದನ್ನೂ ತೋರಿಸುತ್ತದೆ. ಇಷ್ಟು ನಿಖರವಾದ ಮಾತನ್ನು ಇಷ್ಟು ಮೂಲೆಯಲ್ಲಿ ಇಟ್ಟಿರುವುದು ಈ ತಂತ್ರಾಂಶದ ದೊಡ್ಡ ಕೊರತೆ ಎಂದು ನಾನು ಭಾವಿಸುತ್ತೇನೆ. ಹೊಸಬರ ಕಣ್ಣು ಆಟದ ಪರದೆಯ ಮೇಲಿರುತ್ತದೆ, ಪುಟದ ಅಂಚಿನ ಮೇಲಲ್ಲ. ಪರಿಹಾರವೂ ಅದರಲ್ಲೇ ಇದೆ: ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಡೀಬಗ್ ವಿಭಾಗದಲ್ಲಿ ಜಿಡಿಸ್ಕ್ರಿಪ್ಟಿನ ಪ್ರತಿಯೊಂದು ಎಚ್ಚರಿಕೆಯನ್ನೂ ಬೇಕಾದರೆ ನಿರ್ಲಕ್ಷಿಸುವಂತೆ, ಇಲ್ಲವೇ ದೋಷವೆಂದೇ ಪರಿಗಣಿಸುವಂತೆ ಬದಲಿಸಬಹುದು. ನಾವು ಪೂರ್ಣಾಂಕ ಭಾಗಾಕಾರದ ಎಚ್ಚರಿಕೆಯನ್ನು ದೋಷದ ಸಾಲಿಗೆ ಸೇರಿಸಿದೆವು. ಅಂದಿನಿಂದ ಅಂಥ ಸಾಲಿದ್ದರೆ ಆಟ ಶುರುವೇ ಆಗುವುದಿಲ್ಲ. ಮನೆಯಲ್ಲಿ ಮಕ್ಕಳಿಗೆ ಇದನ್ನು ಕಲಿಸುವವರು ಮೊದಲ ದಿನವೇ ಮಾಡಬೇಕಾದ ಕೆಲಸ ಇದು. ಒಂದು ಮಿತಿಯನ್ನು ಮಾತ್ರ ಗಮನದಲ್ಲಿಡಬೇಕು. ಎಡಬಲದ ಎರಡೂ ಬೆಲೆಗಳು ಪೂರ್ಣಾಂಕಗಳೆಂದು ಎಡಿಟರಿಗೆ ಮೊದಲೇ ತಿಳಿದಿದ್ದರೆ ಮಾತ್ರ ಈ ಎಚ್ಚರಿಕೆ ಬರುತ್ತದೆ. ಡಿಕ್ಷನರಿಯಿಂದಲೋ (ಹೆಸರು–ಬೆಲೆ ಜೋಡಿಗಳ ಸಂಗ್ರಹ) ಬಗೆ ಹೇಳದ ಪಟ್ಟಿಯಿಂದಲೋ ತೆಗೆದ ಬೆಲೆಯಾದರೆ ಅದು ಸುಮ್ಮನಿರುತ್ತದೆ. ಆದ್ದರಿಂದ ವೇರಿಯಬಲ್ ಬರೆಯುವಾಗಲೇ ಅದು ಪೂರ್ಣಾಂಕವೋ ದಶಮಾಂಶವೋ ಎಂದು ಘೋಷಿಸುವ ಅಭ್ಯಾಸವನ್ನು ಮಾಡಿಸುವುದು ಒಳ್ಳೆಯದು.

ಎಚ್ಚರಿಕೆಯನ್ನು ನಾನು ಓದಿ ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಹಾಗಾಗಿ ಆಟವನ್ನು ನಡುವೆ ನಿಲ್ಲಿಸಿ ತಪ್ಪು ಹುಡುಕುವ ಸಾಧನವಾದ ಡೀಬಗರನ್ನು ತೆರೆದೆವು, ಮತ್ತು ನಾನು ಈ ತಂತ್ರಾಂಶವನ್ನು ಮೆಚ್ಚಿಕೊಂಡದ್ದು ಅಲ್ಲಿಂದ. ಸಾಲಿನ ಸಂಖ್ಯೆಯ ಎಡಕ್ಕೆ ಒತ್ತಿದರೆ, ಅಥವಾ ಎಫ್ 9 ಒತ್ತಿದರೆ, ಅಲ್ಲೊಂದು ಕೆಂಪು ಗುರುತು ಕೂರುತ್ತದೆ, ಇದೇ ಬ್ರೇಕ್‌ಪಾಯಿಂಟ್. ಆಟ ಓಡುತ್ತಾ ಆ ಸಾಲಿಗೆ ಬಂದಾಗ ನಿಂತುಬಿಡುತ್ತದೆ. ಬೀಳುತ್ತಿರುವ ಗೊನೆ ಅರ್ಧ ಆಕಾಶದಲ್ಲೇ ನಿಂತಿರುತ್ತದೆ, ಕೆಳಗಿನ ಪಟ್ಟಿಯಲ್ಲಿ ಆ ಕ್ಷಣದ ಎಲ್ಲ ವೇರಿಯಬಲ್ಲುಗಳ ಬೆಲೆಗಳು ಕಾಣುತ್ತವೆ. ಹಿಡಿದದ್ದು 7, ಬಿದ್ದದ್ದು 10, ಶೇಕಡಾ 0. "ಶೇಕಡಾ ಸೊನ್ನೆ ಇದೆಯಲ್ಲ ಅತ್ತೆ, ಅಂದರೆ ಸಾಲು ತಪ್ಪು" ಎಂದು ಅವಳು ಅವಸರಪಟ್ಟಳು. ಹಾಗಲ್ಲ. ಆಟ ನಿಂತಿರುವ ಸಾಲು ಇನ್ನೂ ನಡೆದಿರುವುದಿಲ್ಲ. ಪಟ್ಟಿಯಲ್ಲಿ ಕಾಣುವ ಸೊನ್ನೆ ಹಿಂದಿನ ಸುತ್ತಿನದು. ಎಫ್ 10 ಒತ್ತಿ ಒಂದು ಹೆಜ್ಜೆ ಮುಂದೆ ಹೋದ ಮೇಲೆಯೇ ಹೊಸ ಬೆಲೆ ಬರುವುದು. ಈ ಒಂದು ವಿಷಯ ಗೊತ್ತಿಲ್ಲದೆ ಡೀಬಗರ್ ಬಳಸಿದರೆ ಗೊಂದಲ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ.

ಹೆಜ್ಜೆ ಮುಂದಿಟ್ಟೆವು, ಆಗಲೂ ಸೊನ್ನೆಯೇ ಬಂತು. ಆದರೆ ಒಂದೇ ಸಾಲಿನಲ್ಲಿ ಎರಡು ಕೆಲಸವಿದ್ದದ್ದರಿಂದ ಭಾಗಾಕಾರದಲ್ಲಿ ಕೆಟ್ಟಿತೋ ಗುಣಾಕಾರದಲ್ಲಿ ಕೆಟ್ಟಿತೋ ತಿಳಿಯಲಿಲ್ಲ. ಸಾಲಿನ ನಡುವಿನ ಬೆಲೆಗಳನ್ನು ಆ ಪಟ್ಟಿ ತೋರಿಸುವುದಿಲ್ಲ. ಆಗ ನಾನು ತರಗತಿಯಲ್ಲಿ ಮಾಡಿಸುವಂತೆ ಹಂತಗಳನ್ನು ಬಿಡಿಸಿ ಬರೆಸಿದೆ. ಮೊದಲ ಸಾಲಿನಲ್ಲಿ ಅನುಪಾತ, ಎರಡನೆಯ ಸಾಲಿನಲ್ಲಿ ಅನುಪಾತ ಗುಣಿಸು ನೂರು. ಅಡಿಕೆ ಲೆಕ್ಕದ ಹಳೆಯ ಪುಸ್ತಕದ ಹಿಂಬದಿಯ ಪುಟದಲ್ಲಿ ಮೂರು ಕಂಬಸಾಲು ಎಳೆದು, ಒಂದರಲ್ಲಿ ಸಾಲಿನ ಹೆಸರು, ಇನ್ನೊಂದರಲ್ಲಿ ಏನು ಬರಬೇಕು, ಮೂರನೆಯದರಲ್ಲಿ ಏನು ಬಂತು ಎಂದು ಅವಳ ಕೈಯಿಂದಲೇ ಬರೆಸಿದೆ. ಅನುಪಾತದ ಮುಂದೆ, ಬರಬೇಕಾದದ್ದು 0.7 ಎಂದು ಪೆನ್ಸಿಲಿನಲ್ಲಿ ಬರೆದಿದ್ದಳು. ಎಫ್ 10 ಒತ್ತಿದಾಗ ಪರದೆಯ ಮೇಲೆ ಅನುಪಾತ 0 ಎಂದು ಮೂಡಿತು. ಅವಳು ಪುಸ್ತಕ ನೋಡಿ, ಪರದೆ ನೋಡಿ, ಮತ್ತೆ ಪುಸ್ತಕ ನೋಡಿದಳು. ಆಮೇಲೆ ಲೇಬಲ್ಲಿನ ಮಾತು ಎತ್ತಲಿಲ್ಲ.

ತಿದ್ದುವುದಕ್ಕೆ 100ರ ಬದಲು 100.0 ಎಂದು ಬರೆದು ಅದನ್ನು ಮೊದಲಿಗೆ ತಂದರೆ ಸಾಕು. ಮೊದಲ ಸಂಖ್ಯೆಯೇ ದಶಮಾಂಶವಾದರೆ ಇಡೀ ಲೆಕ್ಕ ದಶಮಾಂಶದಲ್ಲಿ ನಡೆಯುತ್ತದೆ, 70.0 ಬರುತ್ತದೆ. 100 ಗುಣಿಸು 7 ಭಾಗಿಸು 10 ಎಂದು ಪೂರ್ಣಾಂಕಗಳಲ್ಲೇ ಕ್ರಮ ಬದಲಿಸಿದರೂ 70 ಬರುತ್ತದೆ. ಆದರೆ ಒಂಬತ್ತರಲ್ಲಿ ಏಳು ಹಿಡಿದಾಗ 77 ಎಂದಷ್ಟೇ ಬಂದು ಉಳಿದದ್ದು ಹೋಗುತ್ತದೆ. ಅವಳು ಮೊದಲನೆಯದನ್ನೇ ಆರಿಸಿಕೊಂಡಳು. ಅಷ್ಟಕ್ಕೆ ಮುಗಿಯಲಿಲ್ಲ. ಆಟದ ಮೊದಲ ಕ್ಷಣದಿಂದಲೇ ಅಂಕ ಕಾಣಲಿ ಎಂದು ಸಾಲನ್ನು ಮೇಲಕ್ಕೆ ಸರಿಸಿದಾಗ, ಒಂದೂ ಗೊನೆ ಬೀಳುವ ಮೊದಲು ಪರದೆಯ ಮೇಲೆ ‘ನ್ಯಾನ್’ ಎಂಬ ಮೂರಕ್ಷರದ ಇಂಗ್ಲಿಷ್ ಪದ ಕಾಣಿಸಿತು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದ್ದರ ಫಲ ಅದು, ಸಂಖ್ಯೆಯೇ ಅಲ್ಲ ಎಂದು ಅದರ ಅರ್ಥ. ಪೂರ್ಣಾಂಕಗಳಾಗಿದ್ದರೆ ಗೊಡೋ ಅಲ್ಲಿಯೇ ಆಟ ನಿಲ್ಲಿಸಿ, ಸೊನ್ನೆಯಿಂದ ಭಾಗಿಸಿದ್ದೀರಿ ಎಂದು ಕೆಂಪಕ್ಷರದಲ್ಲಿ ಹೇಳುತ್ತದೆ; ದಶಮಾಂಶವಾದರೆ ನಿಲ್ಲಿಸುವುದಿಲ್ಲ, ಮುಂದೆ ಹೋಗುತ್ತದೆ. ಈ ವ್ಯತ್ಯಾಸವನ್ನು ಹೊಸಬರಿಗೆ ಬಿಡಿಸಿ ಹೇಳಲೇಬೇಕು. ಬಿದ್ದದ್ದು ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಭಾಗಿಸು ಎಂಬ ಒಂದು ಷರತ್ತು ಸೇರಿಸಿದ ಮೇಲೆ ಆ ಲೆಕ್ಕ ಸರಿಹೋಯಿತು.

ಶಿವಮೊಗ್ಗದಲ್ಲಿರುವ ಅವಳ ಅತ್ತಿಗೆಯ ಮನೆಗೆ ಹೋದಾಗ ಮುಂದಿನ ತಪ್ಪು ಹೊರಬಿತ್ತು, ಮತ್ತು ನನ್ನ ಮಟ್ಟಿಗೆ ಇಡೀ ಕಲಿಕೆಯಲ್ಲಿ ಅತ್ಯಂತ ಬೆಲೆಬಾಳುವ ಪಾಠ ಅದೇ. ಅಲ್ಲಿನ ಹುಡುಗನ ಹೊಸ ಲ್ಯಾಪ್‌ಟಾಪಿನಲ್ಲಿ ಇದೇ ಆಟ ಹಾಕಿದರೆ ಗೊನೆಗಳು ಕಲ್ಲು ಎಸೆದಂತೆ ಬೀಳತೊಡಗಿದವು. ಯಾರಿಂದಲೂ ಒಂದನ್ನೂ ಹಿಡಿಯಲಾಗಲಿಲ್ಲ. ಅವಳು ಪ್ರತಿ ಫ್ರೇಮಿಗೆ, ಅಂದರೆ ಪರದೆಯ ಮೇಲೆ ಚಿತ್ರ ಹೊಸದಾಗಿ ಮೂಡುವ ಪ್ರತಿ ಸಲಕ್ಕೆ, 5 ಪಿಕ್ಸೆಲ್ ಕೆಳಗಿಳಿಸು ಎಂದು ಬರೆದಿದ್ದಳು. ಸಾಮಾನ್ಯವಾಗಿ ಗೊಡೋ ಪರದೆಯ ವೇಗಕ್ಕೆ ಸರಿಯಾಗಿ ಫ್ರೇಮುಗಳನ್ನು ಮೂಡಿಸುತ್ತದೆ. ನಮ್ಮ ಮನೆಯ ಪರದೆ ಸೆಕೆಂಡಿಗೆ 60 ಸಲ ಮೂಡುವಂಥದ್ದು, ಅವರ ಮನೆಯದು 144 ಸಲ. ನಮ್ಮಲ್ಲಿ ಸೆಕೆಂಡಿಗೆ 300 ಪಿಕ್ಸೆಲ್, ಅಲ್ಲಿ 720. ಗೊಡೋ 4ರಲ್ಲಿ ಆಟದ ಕಿಟಕಿಯ ಮೂಲ ಎತ್ತರ 648 ಪಿಕ್ಸೆಲ್. ಹಾಗಾಗಿ ನಮ್ಮ ಮನೆಯಲ್ಲಿ ಗೊನೆ ಮೇಲಿನಿಂದ ಕೆಳಗೆ ಬರಲು 2.16 ಸೆಕೆಂಡ್ ಹಿಡಿದರೆ ಅಲ್ಲಿ ಬರೇ 0.9 ಸೆಕೆಂಡ್.

ಇದಕ್ಕಾಗಿಯೇ ಗೊಡೋ ಪ್ರತಿ ಫ್ರೇಮಿನಲ್ಲೂ ಡೆಲ್ಟಾ ಎಂಬ ಬೆಲೆಯನ್ನು ಕೊಡುತ್ತದೆ. ಹಿಂದಿನ ಫ್ರೇಮಿನಿಂದ ಈ ಫ್ರೇಮಿಗೆ ಎಷ್ಟು ಸೆಕೆಂಡ್ ಆಯಿತು ಎಂಬುದು ಅದು. ವೇಗವನ್ನು ಸೆಕೆಂಡಿಗೆ 300 ಪಿಕ್ಸೆಲ್ ಎಂದು ಬರೆದು ಡೆಲ್ಟಾದಿಂದ ಗುಣಿಸಿದರೆ ಯಾವ ಪರದೆಯಲ್ಲೂ ಗೊನೆ ಒಂದೇ ವೇಗದಲ್ಲಿ ಇಳಿಯುತ್ತದೆ. ಹೊಸಬರು ಇಷ್ಟನ್ನು ಬೇಗ ಕಲಿಯುತ್ತಾರೆ, ಆಮೇಲೆ ಎಲ್ಲದಕ್ಕೂ ಡೆಲ್ಟಾ ಹಾಕುತ್ತಾರೆ. ಬುಟ್ಟಿ ಹಿಡಿದ ಹುಡುಗಿಯನ್ನು ಓಡಿಸಲು ಅವಳು ಬಳಸಿದ್ದ ಮೂವ್ ಆಂಡ್ ಸ್ಲೈಡ್ ಎಂಬ ಫಂಕ್ಷನ್ ಡೆಲ್ಟಾವನ್ನು ತಾನೇ ಸೇರಿಸಿಕೊಳ್ಳುತ್ತದೆ. ಅದಕ್ಕೆ ಕೊಡುವ ವೇಗವನ್ನೂ ಡೆಲ್ಟಾದಿಂದ ಗುಣಿಸಿದರೆ 300 ಇದ್ದದ್ದು ಸೆಕೆಂಡಿಗೆ 5 ಪಿಕ್ಸೆಲ್ ಆಗುತ್ತದೆ. ಹುಡುಗಿ ನಿಂತಲ್ಲೇ ನಿಂತಂತೆ ಕಾಣುತ್ತಾಳೆ. ಆದರೆ ಗುರುತ್ವದಿಂದ ವೇಗ ಹೆಚ್ಚುವ ಲೆಕ್ಕ ಬರೆದರೆ ಅಲ್ಲಿ ಡೆಲ್ಟಾ ಬೇಕೇ ಬೇಕು. ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಬಾಯಿಪಾಠ ಮಾಡಿಸುವ ಬದಲು ನಾನು ಏಕಮಾನ ಬರೆಸಿದೆ. ವೇಗದ ಏಕಮಾನ ಸೆಕೆಂಡಿಗೆ ಪಿಕ್ಸೆಲ್. ಅದನ್ನು ಸೆಕೆಂಡಿನಿಂದ ಗುಣಿಸಿದರೆ ಪಿಕ್ಸೆಲ್ ಬರುತ್ತದೆ, ಅಂದರೆ ಸ್ಥಾನ ಬದಲಾಯಿತು. ವೇಗೋತ್ಕರ್ಷವನ್ನು ಸೆಕೆಂಡಿನಿಂದ ಗುಣಿಸಿದರೆ ವೇಗ ಬರುತ್ತದೆ. ಎಡಗಡೆ ವೇಗವಿದ್ದು ಬಲಗಡೆ ಪಿಕ್ಸೆಲ್ ಬಂದರೆ ಆ ಸಾಲು ತಪ್ಪು. ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಚಲನೆಯ ಪಾಠ ಇದ್ದೇ ಇದೆ. ಪರೀಕ್ಷೆಗೆ ಓದಿದ್ದ ಆ ಏಕಮಾನಗಳು ಇಲ್ಲಿ ಅವಳ ಕಣ್ಣೆದುರಿಗೆ ಗೊನೆಯಾಗಿ ಬೀಳುತ್ತಿದ್ದವು. ಮೂವ್ ಆಂಡ್ ಸ್ಲೈಡ್ ಡೆಲ್ಟಾವನ್ನು ತಾನೇ ಸೇರಿಸಿಕೊಳ್ಳುತ್ತದೆ ಎಂಬ ಸೂಚನೆ ಎಫ್ 1ರ ವಿವರಣೆಯಲ್ಲಿಯೂ ಇದೆ, ಓದಬೇಕಷ್ಟೆ.

ಗಡಿಯಾರದ ತಪ್ಪು ಇದರ ಬೆನ್ನಿಗೇ ಬಂತು. 60 ಸೆಕೆಂಡಿನ ಆಟ. ಪ್ರತಿ ಫ್ರೇಮಿನಲ್ಲೂ ಉಳಿದ ಸಮಯದಿಂದ ಡೆಲ್ಟಾ ಕಳೆಯುತ್ತಾ ಹೋಗಿ, ಸಮಯ ಸೊನ್ನೆಗೆ ಸಮವಾದರೆ ಆಟ ಮುಗಿಸು ಎಂದು ಬರೆದಿದ್ದಳು. ಸಮಯ 0.01ಕ್ಕೆ ಇಳಿದು, ಸೊನ್ನೆಯ ಮೇಲೆ ನಿಲ್ಲದೆ, ಋಣ ಸಂಖ್ಯೆಗೆ ದಾಟಿ ಆಟ ನಡೆಯುತ್ತಲೇ ಇತ್ತು. ದಶಮಾಂಶಗಳು ಯಂತ್ರದೊಳಗೆ ದ್ವಿಮಾನ ಪದ್ಧತಿಯಲ್ಲಿ ಇರುವುದರಿಂದ 0.1 ಮತ್ತು 0.2ನ್ನು ಕೂಡಿದರೂ ಅದು 0.3ಕ್ಕೆ ಸರಿಸಮವೆಂದು ಒಪ್ಪುವುದಿಲ್ಲ. ಹೀಗಿರುವಾಗ ಏರುಪೇರಾಗುವ ಡೆಲ್ಟಾಗಳನ್ನು ಕಳೆಯುತ್ತಾ ಹೋಗಿ ಸರಿಯಾಗಿ ಸೊನ್ನೆಗೆ ಬಂದು ನಿಲ್ಲಬೇಕೆಂದು ನಿರೀಕ್ಷಿಸುವಂತಿಲ್ಲ. ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಎಂದು ತಿದ್ದಿದೆವು. ಎರಡು ದಶಮಾಂಶಗಳು ಬಹುತೇಕ ಸಮವೇ ಎಂದು ನೋಡಲು ಗೊಡೋದಲ್ಲಿ ಈಸ್ ಈಕ್ವಲ್ ಅಪ್ರಾಕ್ಸ್ ಎಂಬ ಫಂಕ್ಷನ್ ಕೂಡ ಇದೆ. ತಿದ್ದಿದ ಮೇಲೆ ಆಟವೇನೋ ಮುಗಿಯಿತು, ಆದರೆ ಕೊನೆಯಲ್ಲಿ ಸೇರಬೇಕಾಗಿದ್ದ 50 ಅಂಕದ ಬಹುಮಾನ ಒಂದೇ ಸೆಕೆಂಡಿನಲ್ಲಿ 3000 ಆಯಿತು. ಸಮಯ ಸೊನ್ನೆಗಿಂತ ಕಡಿಮೆ ಇರುವಷ್ಟು ಹೊತ್ತೂ ಷರತ್ತು ನಿಜವೇ ಆಗಿರುತ್ತದೆ, ಪ್ರತಿ ಫ್ರೇಮಿನಲ್ಲೂ ಬಹುಮಾನ ಸೇರುತ್ತದೆ. ಆಟ ಮುಗಿಯಿತೇ ಎಂಬ ಹೌದು–ಇಲ್ಲದ ವೇರಿಯಬಲ್ ಒಂದನ್ನು ಇಟ್ಟು ಇದನ್ನು ನಿಲ್ಲಿಸಿದೆವು. ಇದನ್ನು ಪತ್ತೆ ಹಚ್ಚಿದ್ದು ಬ್ರೇಕ್‌ಪಾಯಿಂಟಿನಿಂದ: ಎಫ್ 12 ಒತ್ತಿ ಮುಂದುವರಿ ಎಂದರೆ, ಒಮ್ಮೆ ಮಾತ್ರ ಬರಬೇಕಾಗಿದ್ದ ಸಾಲಿಗೆ ಆಟ ಮತ್ತೆ ಮತ್ತೆ ಬಂದು ನಿಲ್ಲುತ್ತಿತ್ತು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಗೊಡೋ ಯಾವುದಾದರೊಂದು ರೀತಿಯಲ್ಲಿ ಸುಳಿವು ಕೊಟ್ಟಿತ್ತು. ಶುದ್ಧ ತರ್ಕದ ತಪ್ಪಿನಲ್ಲಿ ಅದು ಮೌನವಾಗಿರುತ್ತದೆ, ಮತ್ತು ಕೊಳ್ಳುವವರಲ್ಲದಿದ್ದರೂ ಬಳಸುವವರು ಇದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಅವಳ ಆಟದಲ್ಲಿ ನಾಲ್ಕು ಬಗೆಯ ಗೊನೆಗಳಿವೆ: ಹಸಿ, ಹಣ್ಣು, ಕೊಳೆ ಬಂದದ್ದು, ಒಣಗಿದ್ದು. ಮೊದಲ ಎರಡಕ್ಕೆ ಅಂಕ ಸೇರಬೇಕು, ಕೊಳೆ ಗೊನೆಗೆ ಕಳೆಯಬೇಕು. ‘ಇಫ್ ಬಗೆ == 1 ಆರ್ 2’ ಎಂದು ಬರೆದಿದ್ದಳು. ಬಗೆ ಒಂದೋ ಎರಡೋ ಆಗಿದ್ದರೆ ಎಂದು ನಾವು ಕನ್ನಡದಲ್ಲಿ ಹೇಳುವ ಮಾತು ಇದೇ ಅಲ್ಲವೇ? ಯಂತ್ರಕ್ಕೆ ಅದರ ಅರ್ಥ ಬೇರೆ: ಬಗೆ ಒಂದಕ್ಕೆ ಸಮವೇ, ಇಲ್ಲವಾದರೆ 2 ಎಂಬುದು ನಿಜವೇ? ಸೊನ್ನೆಯಲ್ಲದ ಯಾವ ಸಂಖ್ಯೆಯೂ ನಿಜವೆಂದೇ ಲೆಕ್ಕ. ಹೀಗಾಗಿ ಷರತ್ತು ಎಂದೂ ಸುಳ್ಳಾಗುವುದಿಲ್ಲ, ಕೊಳೆ ಗೊನೆಗೂ ಹತ್ತು ಅಂಕ. ಒಂದೇ ಒಂದು ಎಚ್ಚರಿಕೆಯೂ ಬರಲಿಲ್ಲ. ಮಳೆಯ ನಡುವೆ ಬಿಸಿಲು ಕಂಡ ಒಂದು ದಿನದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಆಳು ಹುಡುಕುವ ನಮ್ಮ ಅಣ್ಣ ಆ ಆಟ ಆಡಿ, "ಕೊಳೆಗೆ ಅಂಕ ಕೊಡುವ ತೋಟ ಯಾವುದು ಮಾರಾಯ್ತಿ" ಎಂದು ಕೇಳಿದ ಮೇಲೆಯೇ ತಪ್ಪಿದೆ ಎಂದು ನಮಗೆ ಗೊತ್ತಾದದ್ದು. ಆರ್ ಪದದ ಎರಡೂ ಬದಿಯಲ್ಲಿ ಪೂರ್ಣ ಷರತ್ತನ್ನೇ ಬರೆಯಬೇಕು, ‘ಬಗೆ == 1 ಆರ್ ಬಗೆ == 2’ ಎಂದು.

ಆಟದ ಕೊನೆಯಲ್ಲಿ ಕೊಡುವ ದರ್ಜೆಯ ಲೆಕ್ಕವೂ ಹೀಗೆಯೇ. ಶಿವಮೊಗ್ಗದ ಅಡಿಕೆ ಮಾರುಕಟ್ಟೆಯ ರೂಢಿಯಂತೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ನಾಲ್ಕು ದರ್ಜೆಗಳನ್ನು ಇಟ್ಟಿದ್ದಳು. 90ಕ್ಕೆ ಸರಕು, 75ಕ್ಕೆ ಬೆಟ್ಟೆ, 50ಕ್ಕೆ ರಾಶಿ, ಅದಕ್ಕಿಂತ ಕೆಳಗೆ ಗೊರಬಲು. ಆದರೆ ಷರತ್ತುಗಳನ್ನು ಕೆಳಗಿನಿಂದ ಮೇಲಕ್ಕೆ, ಸೊನ್ನೆಗಿಂತ ಹೆಚ್ಚಿದ್ದರೆ ಗೊರಬಲು ಎಂದು ಶುರುಮಾಡಿ ಬರೆದದ್ದರಿಂದ 95 ಅಂಕ ಬಂದವರಿಗೂ ಗೊರಬಲೇ ಸಿಗುತ್ತಿತ್ತು. ಮೊದಲ ಷರತ್ತು ಒಪ್ಪಿದರೆ ಉಳಿದ ‘ಎಲಿಫ್’ (ಇಲ್ಲವಾದರೆ ಇದನ್ನು ನೋಡು ಎಂಬ) ಸಾಲುಗಳನ್ನು ಯಂತ್ರ ನೋಡುವುದೇ ಇಲ್ಲ. ಇಂಥ ಕಡೆ ಎಫ್ 10 ಒತ್ತುತ್ತಾ ಹೋಗುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕರ್ಸರ್ ಎರಡನೆಯ ಷರತ್ತಿಗೆ ಬರದೆ ನೇರ ಕೆಳಗೆ ಹಾರಿದ್ದನ್ನು ಕಣ್ಣಾರೆ ಕಂಡ ಮಗುವಿಗೆ ಮತ್ತೆ ವಿವರಿಸಬೇಕಾಗುವುದಿಲ್ಲ.

ಇನ್ನುಳಿದವು ಸ್ಕ್ರ್ಯಾಚ್‌ನಿಂದ ಬರುವ ಮಕ್ಕಳೆಲ್ಲರಿಗೂ ಎದುರಾಗುವಂಥವು. ಅಲ್ಲಿ ಮೇಲಕ್ಕೆ ಹೋದಂತೆ ವೈ ಬೆಲೆ ಹೆಚ್ಚುತ್ತದೆ, ಇಲ್ಲಿ ಕೆಳಕ್ಕೆ ಹೋದಂತೆ. ಅವಳ ಮೊದಲ ಗೊನೆ ಆಕಾಶಕ್ಕೆ ಹಾರಿತ್ತು. ಅಲ್ಲಿ ಪಟ್ಟಿಯ ಎಣಿಕೆ ಒಂದರಿಂದ, ಇಲ್ಲಿ ಸೊನ್ನೆಯಿಂದ. ಪಟ್ಟಿಯ ಅಳತೆ ಮೀರಿದರೆ ಗೊಡೋ ಆಟ ನಿಲ್ಲಿಸಿ ಸಾಲು ತೋರಿಸುತ್ತದೆ, ಆದರೆ ಸ್ಥಾನ –1 ಆದರೆ ಪಟ್ಟಿಯ ಕೊನೆಯದನ್ನು ಸದ್ದಿಲ್ಲದೆ ಕೊಡುತ್ತದೆ. ತಿರುಗುವ ಕೋನ ಇಲ್ಲಿ ರೇಡಿಯನ್ನಿನಲ್ಲಿರುವುದರಿಂದ 90 ಎಂದು ಬರೆದರೆ ಗೊನೆ ಹದಿನಾಲ್ಕು ಸುತ್ತು ದಾಟಿ ಎಲ್ಲೋ ನಿಲ್ಲುತ್ತದೆ. ರ್‍ಯಾಂಡ್‌ಐ ಎಂಬ ಫಂಕ್ಷನ್ ಯಾದೃಚ್ಛಿಕವಾಗಿ ಆರಿಸಿ ಕೊಟ್ಟ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದ ಶೇಷ 0ಯಿಂದ 3ರವರೆಗೆ ಮಾತ್ರ ಇರುತ್ತದೆ. ಅವಳು 1ರಿಂದ 4 ಎಂದುಕೊಂಡಿದ್ದರಿಂದ ನಾಲ್ಕರಲ್ಲಿ ಸರಾಸರಿ ಒಂದು ಗೊನೆಗೆ ಚಿತ್ರವೇ ಇರಲಿಲ್ಲ. ಎರಡೂ ತುದಿ ಸೇರುವಂತೆ ಬೇಕಿದ್ದರೆ ರ್‍ಯಾಂಡ್‌ಐ ರೇಂಜ್ ಬಳಸಬೇಕು.

ಮೆಚ್ಚಿದ ಇನ್ನೊಂದು ಸೌಲಭ್ಯವನ್ನು ಹೇಳದೆ ಬಿಡಲಾರೆ. ಆಟ ಓಡುತ್ತಿರುವಾಗ ಎಡಬದಿಯ ಸೀನ್ ಪಟ್ಟಿಯಲ್ಲಿ ರಿಮೋಟ್ ಎಂಬ ಗುಂಡಿ ಒತ್ತಿದರೆ, ಓಡುತ್ತಿರುವ ಆಟದ ವಸ್ತುಗಳೇ ಅಲ್ಲಿ ಕಾಣುತ್ತವೆ. ಒಂದನ್ನು ಆರಿಸಿ ಅದರ ವೇಗವನ್ನು ಬದಲಿಸಿದರೆ ಪರದೆಯ ಮೇಲೆ ತಕ್ಷಣ ಬದಲಾಗುತ್ತದೆ. ಯಾವ ಸಂಖ್ಯೆ ಎಷ್ಟಿದ್ದರೆ ಚೆನ್ನ ಎಂದು ನೋಡಲು ಇದು ಬಹಳ ಅನುಕೂಲ. ಆಟ ನಿಲ್ಲಿಸಿದರೆ ಆ ಬದಲಾವಣೆ ಉಳಿಯುವುದಿಲ್ಲ, ಹಾಗಾಗಿ ಸರಿಹೊಂದಿದ ಬೆಲೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಪ್ರಿಂಟ್ ಬಳಸಿ ಬೆಲೆ ನೋಡುವವರು ಅದನ್ನು ಪ್ರತಿ ಫ್ರೇಮಿನಲ್ಲಿ ಹಾಕಬಾರದು. ಸೆಕೆಂಡಿಗೆ ಅರವತ್ತು ಸಾಲು ಸುರಿದು ಬೇಕಾದದ್ದು ಕಣ್ಣಿಗೆ ಸಿಗುವುದಿಲ್ಲ.

ಕೊರತೆಗಳಲ್ಲಿ ನನಗೆ ನಿಜವಾಗಿ ನೋವು ತಂದದ್ದು ಭಾಷೆ. ಎಚ್ಚರಿಕೆಗಳು ಸ್ವಲ್ಪ ಬಿಗಿಯಾದ ಇಂಗ್ಲಿಷಿನಲ್ಲಿವೆ. ಅಂಕ + 10 ಎಂದು ಬರೆದು, ಸಮ ಚಿಹ್ನೆಯೊಂದಿಗೆ ಅದನ್ನು ಅಂಕಕ್ಕೆ ಸೇರಿಸಲು ಮರೆತರೆ, ಈ ಸಾಲಿನಿಂದ ಏನೂ ಆಗದಿರಬಹುದು ಎಂದು ಗೊಡೋ ಸರಿಯಾಗಿಯೇ ಎಚ್ಚರಿಸುತ್ತದೆ. ಆದರೆ ಅದನ್ನು ಹೇಳುವ ಸ್ಟಾಂಡಲೋನ್ ಎಕ್ಸ್‌ಪ್ರೆಶನ್ ಎಂಬ ಪದಗಳು ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೆ ದಾಟದು. ಲೆಕ್ಕ ಬಲ್ಲ ಮಗು ಭಾಷೆಯ ಕಾರಣಕ್ಕೆ ಹಿಂದೆ ಬೀಳಬಾರದು. ನಾವು ಪದೇ ಪದೇ ಬರುವ ಹನ್ನೆರಡು ಎಚ್ಚರಿಕೆಗಳನ್ನು ಕನ್ನಡದಲ್ಲಿ ಬರೆದು ಮೇಜಿನ ಎದುರು ಅಂಟಿಸಿದ್ದೇವೆ. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಗೂ ಒಂದು ಪ್ರತಿ ಕೊಟ್ಟಿದ್ದೇನೆ.

ಆದ್ದರಿಂದ ನನ್ನ ಶಿಫಾರಸು ಇಷ್ಟು. ಎಂಟನೇ ತರಗತಿ ದಾಟಿದ, ಭಿನ್ನರಾಶಿ ಮತ್ತು ಶೇಷದ ಲೆಕ್ಕ ಕೈವಶವಾದ ಮಕ್ಕಳಿಗೆ ಗೊಡೋ ಕೊಡಬಹುದು. ಜೊತೆಗೆ ಒಂದು ನೋಟ್‌ಬುಕ್ಕನ್ನೂ, ಮೊದಲ ಒಂದು ತಿಂಗಳು ಪಕ್ಕದಲ್ಲಿ ಕೂರುವ ಒಬ್ಬ ಹಿರಿಯರನ್ನೂ ಕೊಡಬೇಕು. ಅದಕ್ಕಿಂತ ಚಿಕ್ಕವರಿಗೆ ಸ್ಕ್ರ್ಯಾಚೇ ಇರಲಿ. ಒಂಟಿಯಾಗಿ ಕಲಿಯುವ ದೊಡ್ಡವರು ಡೀಬಗರಿನಿಂದಲೇ ಆರಂಭಿಸಲಿ, ಚಿತ್ರ ಮತ್ತು ಸದ್ದು ಆಮೇಲೆ.

ಕಳೆದ ವಾರ ಅವಳು ಆಟಕ್ಕೆ ಮೂಟೆ ಕಟ್ಟುವ ಹಂತವನ್ನು ಸೇರಿಸಿದಳು. ಒಂದು ಮೂಟೆಗೆ 12 ಗೊನೆ, ಹಿಡಿದದ್ದು 47. ಭಾಗಿಸಿದರೆ 3 ತುಂಬಿದ ಮೂಟೆ, ಶೇಷ 11 ಗೊನೆ ಅಂಗಳದಲ್ಲಿ. ಇಲ್ಲಿ ದಶಮಾಂಶ ಬೇಡ, ಏಕೆಂದರೆ ಮುಕ್ಕಾಲು ತುಂಬಿದ ಮೂಟೆಯ ಬಾಯಿ ಹೊಲಿಯುವಂತಿಲ್ಲ ಎಂದು ಅವಳೇ ಹೇಳಿದಳು. ನಾವು ದೋಷವೆಂದು ಗುರುತಿಸಿಟ್ಟಿದ್ದ ಅದೇ ಪೂರ್ಣಾಂಕ ಭಾಗಾಕಾರ ಆಟವನ್ನು ತಡೆದಾಗ, ಆ ಒಂದು ಸಾಲಿಗೆ ಮಾತ್ರ ವಾರ್ನಿಂಗ್ ಇಗ್ನೋರ್ ಎಂಬ ಸೂಚನೆಯನ್ನು ಹಾಕಿ, ಅದರ ಪಕ್ಕದಲ್ಲಿ ಕನ್ನಡದಲ್ಲಿಯೇ ಟಿಪ್ಪಣಿ ಬರೆದಳು: ಇಲ್ಲಿ ಉಳಿದದ್ದು ಬಿಟ್ಟುಹೋಗಬೇಕು, ಶೇಷವನ್ನು ಕೆಳಗಿನ ಸಾಲಿನಲ್ಲಿ ಹಿಡಿದಿದ್ದೇನೆ.